ನೂರಾ ನಾಲ್ಕನೇ ಮೈಲಿನ ನೆಟ್‌ವರ್ಕು



2025ರ ಅಕ್ಟೋಬರ್ 14ರಂದು ಗೂಗಲ್ ಕಂಪನಿ ತಾನು ವಿಶಾಖಪಟ್ಟಣಕ್ಕೆ ಬರುವುದಾಗಿ ಸಾರಿತು. ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಸುರಿಯುವ ಮಾತು, ನಮ್ಮ ಲೆಕ್ಕದಲ್ಲಿ ಸುಮಾರು 1.3 ಲಕ್ಷ ಕೋಟಿ ರೂಪಾಯಿ. ಅಲ್ಲಿ ದೊಡ್ಡ ಡೇಟಾ ಸೆಂಟರ್ ಏಳುತ್ತದೆ, ಸಮುದ್ರದ ತಳದಲ್ಲಿ ಹಾಯ್ದು ಬರುವ ಅಂತರರಾಷ್ಟ್ರೀಯ ಕೇಬಲ್ಲು ಅಲ್ಲೇ ದಡ ಹತ್ತುತ್ತದೆ. ಸುದ್ದಿ ಬಂದ ಬೆನ್ನಿಗೇ ಎರಡು ರಾಜ್ಯಗಳ ಐ.ಟಿ. ಮಂತ್ರಿಗಳ ನಡುವೆ ಮಾತಿಗೆ ಮಾತು ಬೆಳೆಯಿತು. 22 ಸಾವಿರ ಕೋಟಿ ರೂಪಾಯಿಯ ರಿಯಾಯಿತಿ ಕೊಟ್ಟು ಕರೆಸಿಕೊಂಡಿದ್ದಾರೆ, ನೆಲ, ನೀರು, ಕರೆಂಟು, ತೆರಿಗೆ ಎಲ್ಲದರಲ್ಲೂ ಬಿಟ್ಟುಕೊಟ್ಟಿದ್ದಾರೆ ಎಂದು ನಮ್ಮ ಪ್ರಿಯಾಂಕ್ ಖರ್ಗೆಯವರು ಅಂದರು. ಆಂಧ್ರದ ಊಟವೂ ಖಾರ, ಬಂಡವಾಳವೂ ಖಾರ, ನೆರೆಯವರಿಗೆ ಉರಿ ತಾಗಿದೆ ಎಂಬ ಅರ್ಥದಲ್ಲಿ ನಾರಾ ಲೋಕೇಶ್ ತಿರುಗಿ ಕುಟುಕಿದರು.

ಸಿಂಧನೂರು ತಾಲ್ಲೂಕಿನವರು ಈ ಜಗಳವನ್ನು ಎರಡೂ ಭಾಷೆಯಲ್ಲಿ ಕೇಳಬಲ್ಲವರು. ತುಂಗಭದ್ರಾ ಕಾಲುವೆ ಹರಿದ ಮೇಲೆ ಆಂಧ್ರದ ಕಡೆಯಿಂದ ಬಂದು ಎರೆ ಹೊಲವನ್ನು ಗದ್ದೆ ಮಾಡಿದವರ ಕ್ಯಾಂಪುಗಳು ಇಲ್ಲಿ ತುಂಬ ಇವೆ. ಹೋಟೆಲಿನ ಒಂದು ಮೇಜಿನಲ್ಲಿ ಬೆಂಗಳೂರಿನ ಪರ ಒಬ್ಬರು, ವಿಶಾಖಪಟ್ಟಣದ ಪರ ಒಬ್ಬರು ಕೂತು ವಾದ ಮಾಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಇರುವುದು ಬೇರೆ ಕಡೆ. ಆ ಡೇಟಾ ಸೆಂಟರ್ ಒಂದು ಗಿಗಾವಾಟ್, ಅಂದರೆ ಸಾವಿರ ಮೆಗಾವಾಟ್ ಅಳತೆಯದು. ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕಗಳು ಒಟ್ಟಿಗೆ ಪೂರ್ತಿ ಓಡಿದರೆ ಬರುವುದು 1,720 ಮೆಗಾವಾಟ್. ರಾಯಚೂರು ಜಿಲ್ಲೆ 1985ರಿಂದ ಬೂದಿ ಕುಡಿದು ಶಕ್ತಿನಗರದಿಂದ ರಾಜ್ಯಕ್ಕೆ ಕೊಡುತ್ತಿರುವ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅಂಥ ಒಂದೇ ಕೇಂದ್ರ ನುಂಗಬಲ್ಲದು. ಕಂಪನಿಯನ್ನು ಕರೆದುಕೊಂಡು ಬರುವ ಪೈಪೋಟಿಯಲ್ಲಿ ನಿಜವಾಗಿ ಪಣಕ್ಕಿಡುವುದು ಇಂಥ ಕರೆಂಟನ್ನೇ.

ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಇಂಥ ಪೈಪೋಟಿಯ ಇನ್ನೊಂದು ತುದಿಯ ಬಗ್ಗೆ. ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಪಂಚಾಯಿತಿ ಊರು ಈ ಆಟದಲ್ಲಿ ಎಲ್ಲಿ ನಿಲ್ಲುತ್ತದೆ? ವೇಗದ ಇಂಟರ್‌ನೆಟ್ಟು ಯಾವ ಊರಿಗೆ ಮೊದಲು ಬಂತು ಎಂಬ ಲೆಕ್ಕವನ್ನು ಪತ್ರಿಕೆಗಳು ಬರೆಯುತ್ತವೆ. ಬಂದ ಊರಿನ ಕೊನೆಯ ಮನೆಗೆ ಏನು ಸಿಕ್ಕಿತು, ತಂತಿ ತುಂಡಾದ ದಿನ ಯಾರು ಓಡಿಬಂದರು ಎಂಬ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಪೈಪೋಟಿಯ ಕಥೆ ಅಂದರೆ ಅಮೆರಿಕದ್ದನ್ನೇ ಹೇಳಬೇಕು, ಯಾಕೆಂದರೆ ಅಷ್ಟು ಬಹಿರಂಗವಾಗಿ ಊರುಗಳು ಕುಣಿದದ್ದು ಇನ್ನೆಲ್ಲೂ ಇಲ್ಲ. 2010ರ ಫೆಬ್ರವರಿಯಲ್ಲಿ ಇದೇ ಗೂಗಲ್ ಒಂದು ಪ್ರಕಟಣೆ ಹೊರಡಿಸಿತು. ಕೆಲವೇ ಊರುಗಳಲ್ಲಿ ಮನೆಮನೆಗೆ ಫೈಬರ್ ಎಂಬ ಗಾಜಿನೆಳೆಯ ಕೇಬಲ್ಲು ಎಳೆದು ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕೊಡುತ್ತೇವೆ, ಬೇಕಾದವರು ಅರ್ಜಿ ಹಾಕಿ ಎಂದಿತು. ಸುಮಾರು 1,100 ಊರುಗಳು ಅರ್ಜಿ ಹಾಕಿದವು. ಕ್ಯಾನ್ಸಸ್ ರಾಜ್ಯದ ರಾಜಧಾನಿ ಟೊಪೀಕಾದ ಮೇಯರು ಬಿಲ್ ಬಂಟನ್ ಮಾರ್ಚ್ 1ರಂದು ಒಂದು ಘೋಷಣೆಗೆ ಸಹಿ ಹಾಕಿ, ಆ ತಿಂಗಳ ಮಟ್ಟಿಗೆ ತಮ್ಮ ಊರಿಗೆ ಗೂಗಲ್ ಎಂದೇ ಹೆಸರಿಟ್ಟರು. ಈ ಊರಿಗೆ ಅದು ಹೊಸ ಚಟವೇನಲ್ಲ. 1998ರಲ್ಲಿ ಪೋಕೆಮಾನ್ ಆಟ ಅಮೆರಿಕಕ್ಕೆ ಬಂದಾಗ ಒಂದು ದಿನಕ್ಕೆ ಟೊಪಿಕಾಚು ಎಂದೂ ಹೆಸರಿಟ್ಟುಕೊಂಡಿತ್ತು. ಮಿನೆಸೋಟಾದ ಡುಲೂತ್ ಊರಿನ ಮೇಯರು ಡಾನ್ ನೆಸ್ ಆ ಚಳಿಯಲ್ಲಿ ಸುಪೀರಿಯರ್ ಸರೋವರಕ್ಕೆ ಹಾರಿದರು. ನಮ್ಮಲ್ಲಿ ಮಳೆಗಾಗಿ ಕತ್ತೆಗೆ ಮದುವೆ ಮಾಡುತ್ತಾರೆಂದು ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಏಪ್ರಿಲ್ 1ರಂದು ಗೂಗಲ್ ತನ್ನ ಮುಖಪುಟದಲ್ಲಿ ತನಗೇ ಟೊಪೀಕಾ ಎಂದು ಹೆಸರು ಹಾಕಿಕೊಂಡು ತಮಾಷೆ ಮಾಡಿತು. ಅಲ್ಲಿಗೆ ಟೊಪೀಕಾದ ಪಾಲು ಮುಗಿಯಿತು. 2011ರ ಮಾರ್ಚ್ 30ರಂದು ಆಯ್ಕೆಯಾದದ್ದು ಅಲ್ಲಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕ್ಯಾನ್ಸಸ್ ಸಿಟಿ.

ಗೆದ್ದ ಊರಿನ ಒಳಗೆ ಮುಂದೆ ಏನಾಯಿತೆಂಬುದು ನನಗೆ ಮೇಯರುಗಳ ಸರ್ಕಸ್ಸಿಗಿಂತ ಕುತೂಹಲದ್ದು. ಕಂಪನಿ ಊರನ್ನು 202 ಓಣಿಗಳಾಗಿ ಹಂಚಿತು. ಓಣಿಯ ಇಂತಿಷ್ಟು ಮನೆಯವರು ಹತ್ತು ಡಾಲರ್ ಕಟ್ಟಿ ಮುಂಗಡ ಹೆಸರು ಬರೆಸಿದರೆ ಮಾತ್ರ ಆ ಓಣಿಗೆ ಕೇಬಲ್ಲು. ಉಳ್ಳವರ ಓಣಿಗಳು ಸಲೀಸಾಗಿ ಗುರಿ ಮುಟ್ಟಿದವು. ಟ್ರೂಸ್ಟ್ ಅವೆನ್ಯೂ ಎಂಬ ರಸ್ತೆ ಆ ಊರನ್ನು ಬಿಳಿಯರ ಓಣಿ, ಕರಿಯರ ಓಣಿ ಎಂದು ತಲೆಮಾರುಗಳಿಂದ ಸೀಳಿತ್ತು. ಅದರ ಪೂರ್ವಕ್ಕಿದ್ದ ಬಡ ಓಣಿಗಳು ಹಿಂದೆ ಬಿದ್ದವು. ಆಮೇಲೆ ಸ್ವಯಂಸೇವಕರು ಬೀದಿಬೀದಿ ತಿರುಗಿ, ಆ ಹತ್ತು ಡಾಲರನ್ನೂ ಕೆಲವು ಕಡೆ ತಾವೇ ಕೂಡಿಸಿ ಕೊಟ್ಟು ಹೆಸರು ಬರೆಸಬೇಕಾಯಿತು. ಸಾವಿರದ ನೂರು ಊರುಗಳ ನಡುವೆ ಗೆದ್ದ ಊರು ಆಮೇಲೆ ತನ್ನೊಳಗೇ ಓಣಿಗೆ ಓಣಿ ಪೈಪೋಟಿಗೆ ಇಳಿಯಿತು.

ಲೂಯಿವಿಲ್ ಎಂಬ ಇನ್ನೊಂದು ಊರಿನ ಕಥೆ ಇನ್ನೂ ಬೇರೆ. ಅಲ್ಲಿ ಖರ್ಚು ಉಳಿಸಲು ಡಾಂಬರಿನಲ್ಲಿ ಎರಡು ಇಂಚು ಆಳದ ಸೀಳು ಮಾಡಿ ಅದರಲ್ಲಿ ಕೇಬಲ್ಲು ಇಟ್ಟು ಮೇಲೆ ಅಂಟು ಮೆತ್ತಿದರು. ಅಂಟು ಕಿತ್ತು ಬಂತು, ಕೇಬಲ್ಲು ರಸ್ತೆಯ ಮೇಲೆ ಹಾವಿನ ಹಾಗೆ ಎದ್ದಿತು. 2019ರಲ್ಲಿ ಕಂಪನಿ ಗಂಟುಮೂಟೆ ಕಟ್ಟಿ ಹೊರಟಿತು, ರಸ್ತೆ ರಿಪೇರಿಗೆ 38 ಲಕ್ಷ ಡಾಲರಿಗೂ ಹೆಚ್ಚು ಹಣ ತೆತ್ತು ಹೋಯಿತು. ಆ ಹಣ ವಸೂಲು ಮಾಡಲು ಅಲ್ಲಿನ ನಗರಸಭೆಗೆ ಶಕ್ತಿಯಿತ್ತು. ನಮ್ಮ ಒಂದು ಪಂಚಾಯಿತಿಗೆ ರಸ್ತೆ ಅಗೆದು ಹೋದ ಗುತ್ತಿಗೆದಾರನಿಂದ ಒಂದು ಬುಟ್ಟಿ ಮರಂ ಹಾಕಿಸಿಕೊಳ್ಳುವ ಶಕ್ತಿ ಇದೆಯೇ?

ಈ ಗದ್ದಲದಲ್ಲಿ ಸೇರದೆ ಕೂತಿದ್ದ ಊರು ಟೆನೆಸಿ ರಾಜ್ಯದ ಚಾಟನೂಗಾ. 1935ರಲ್ಲಿ ಹುಟ್ಟಿದ ಅದರ ವಿದ್ಯುತ್ ಮಂಡಳಿ ಊರಿನವರದೇ ಸ್ವತ್ತು. ಕರೆಂಟು ಕಂಬ, ಲೈನ್‌ಮನ್ನು, ಬಿಲ್ಲು ವಸೂಲಿ ಎಲ್ಲ ಇದ್ದೇ ಇತ್ತು. ಅದರ ಮೇಲೆ ಕೇಂದ್ರ ಸರ್ಕಾರದ 11 ಕೋಟಿ ಡಾಲರಿನ ನೆರವು ಪಡೆದು ತಾನೇ ಫೈಬರ್ ಎಳೆದು, 2010ರ ಸೆಪ್ಟೆಂಬರಿನಲ್ಲಿ, ಕ್ಯಾನ್ಸಸ್ ಸಿಟಿಗಿಂತ ಎರಡು ವರ್ಷ ಮೊದಲು, ಅದೇ ಒಂದು ಗಿಗಾಬಿಟ್ ವೇಗವನ್ನು ತನ್ನ ವ್ಯಾಪ್ತಿಯ ಎಲ್ಲ ಮನೆಗೂ ಕೊಟ್ಟಿತು. ಆ ಊರಿನ ಮೇಯರು ಯಾವ ಕೆರೆಗೂ ಹಾರಲಿಲ್ಲ.

ಇನ್ನು ನಮ್ಮ ಕಡೆ ಬರೋಣ. ರಾಯಚೂರು ಜಿಲ್ಲೆ ಯಾವುದರಲ್ಲೂ ಮೊದಲಾಗಲಿಲ್ಲ ಎಂಬ ಮಾತನ್ನು ಕೇಳಿ ಕೇಳಿ ನಾವೇ ನಂಬಿಬಿಟ್ಟಿದ್ದೇವೆ. ಒಂದರಲ್ಲಿ ಮೊದಲಾಗಿದ್ದೆವು, ಅದೂ ಬೆಂಗಳೂರಿಗಿಂತ ಆರು ವರ್ಷ ಮೊದಲು.

1975ರ ಆಗಸ್ಟ್ 1ರಂದು ಸೈಟ್ ಎಂಬ ಪ್ರಯೋಗ ಶುರುವಾಯಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಪಾಠ ಹೇಳುವ ಪ್ರಯೋಗ ಅದು. ವಿಕ್ರಮ್ ಸಾರಾಭಾಯ್ ಕಂಡ ಕನಸು, ಅವರು ತೀರಿದ ಮೇಲೆ ಯಶ್‌ಪಾಲ್ ಮುಂದಾಳುತನದಲ್ಲಿ ಕೈಗೂಡಿತು. ಅಮೆರಿಕದ ನಾಸಾ ತನ್ನ ಎ.ಟಿ.ಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಆಗ ಕೊಪ್ಪಳವೂ ರಾಯಚೂರಿನೊಳಗೇ ಇತ್ತು. ಬೆಂಗಳೂರಿನ ಸಾಹುಕಾರರ ಮನೆಯಲ್ಲೂ ಟಿ.ವಿ. ಇಲ್ಲದ ಕಾಲದಲ್ಲಿ ನಮ್ಮ ಎರೆ ಸೀಮೆಯ ಶಾಲೆಗಳ ಮುಂದೆ ಕೋಳಿಗೂಡಿಗೆ ಹಾಕುವಂಥ ಜಾಲರಿಯ ಹತ್ತು ಅಡಿ ಅಗಲದ ಆಂಟೆನಾ ಎದ್ದು ಆಕಾಶ ನೋಡಿತು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಪ್ರಸಾರ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಜನಪದ ಕಲೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು, ನಮ್ಮ ಪಾಲಿಗೆ ಆ ಊರು ಮತ್ತೊಮ್ಮೆ ರಾಜಧಾನಿಯಾಯಿತು ಅನ್ನಬಹುದು.

ಯಾಕೆ ನಮ್ಮನ್ನು ಆರಿಸಿದರು? ನಾವು ಹಿಂದುಳಿದಿದ್ದೆವು ಎಂಬುದಕ್ಕೇ. ಅದೂ ಒಂದು ಬಗೆಯ ಸ್ಪರ್ಧೆ, ಆದರೆ ಅಲ್ಲಿ ಯಾರೂ ಅರ್ಜಿ ಹಾಕಲಿಲ್ಲ, ಹೆಸರು ಬದಲಿಸಲಿಲ್ಲ. ಯಾವ ಕಂಪನಿಗೂ ಲಾಭ ಕಾಣದ ಕಡೆಗೇ ಮೊದಲು ಹೋಗಬೇಕೆಂದು ಒಂದು ಸರ್ಕಾರಿ ಸಂಸ್ಥೆ ತೀರ್ಮಾನ ಮಾಡಿತು. ಇಸ್ರೋದವರು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದರು. ಟಿ.ವಿ. ಪೆಟ್ಟಿಗೆ ಇಟ್ಟು ಹೋಗಲಿಲ್ಲ, ಕೆಟ್ಟರೆ ಬಂದು ನೋಡಲು ಅಲ್ಲಲ್ಲಿ ರಿಪೇರಿ ಕೇಂದ್ರಗಳನ್ನು ತೆರೆದಿದ್ದರು. ಕಾಲು ದಾರಿಯ ಹಳ್ಳಿಯಲ್ಲೂ ಆ ಪೆಟ್ಟಿಗೆಗಳು ವರ್ಷವಿಡೀ ಓಡಿದ್ದಕ್ಕೆ ಉಪಗ್ರಹ ಎಷ್ಟು ಕಾರಣವೋ ಆ ರಿಪೇರಿಯವರೂ ಅಷ್ಟೇ ಕಾರಣ.

1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹ ಕೊಟ್ಟವರು ವಾಪಸು ತೆಗೆದುಕೊಂಡರು. ಮಾರನೇ ದಿನದಿಂದ ಚಿತ್ರ ಬರಲಿಲ್ಲ. ಮರುವರ್ಷ ಗುಲಬರ್ಗಾದಲ್ಲಿ ನೆಲದ ಮೇಲಿನ ಟಿ.ವಿ. ಪ್ರಸಾರ ಶುರುವಾಯಿತು. ಅದು ಗೋಪುರದ ಸುತ್ತಲಿನ ಊರುಗಳಿಗಷ್ಟೇ ಮುಟ್ಟುತ್ತಿತ್ತು. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಆಮೇಲೆ ಎಲ್ಲರೂ ಬೆಂಗಳೂರಿನಿಂದಲೇ ಎಣಿಸಲು ಶುರುಮಾಡಿದರು. ನನಗೆ ಇದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ವಿವೇಕ ಕಾಣುತ್ತದೆ: ಮೊದಲು ಬಂದದ್ದು ಉಳಿಯಬೇಕಾದರೆ ಅದು ಎರವಲಾಗಿರಬಾರದು.

ಇದಕ್ಕೆ ಎದುರಾಗಿ ಕಿತ್ತೂರನ್ನು ನೋಡಿ. 1986ರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಮೊದಲು ಕೆಲಸ ಮಾಡಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜಿಗೆ ಏ.ಸಿ. ಕೋಣೆ ಬೇಕಿತ್ತು. ಇದು ಧೂಳಿನಲ್ಲಿ, ಸೆಕೆಯಲ್ಲಿ, ಕರೆಂಟು ಹೋಗಿ ಬರುವ ಕಡೆ ಬದುಕಲೆಂದೇ ಮಾಡಿದ್ದು. ಆಮೇಲಿನ ಹತ್ತು ಹದಿನೈದು ವರ್ಷ ನಮ್ಮ ಹಳ್ಳಿಗಳ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳ ಹಿಂದೆ ಇಂಥ ಪೆಟ್ಟಿಗೆಗಳೇ ಇದ್ದವು. ನೆಲಕ್ಕೆ ಹೊಂದುವ ಯಂತ್ರ, ಹತ್ತಿರದಲ್ಲೇ ಒಬ್ಬ ಲೈನ್‌ಮನ್ನು. ಅಷ್ಟಿದ್ದರೆ ಸಾಕಾಗಿತ್ತು.

ಈಚಿನ ಪೈಪೋಟಿಗಳಲ್ಲಿ ರಾಯಚೂರಿನ ಅನುಭವವನ್ನು ನಿಮಗೆ ಹೇಳಬೇಕಿಲ್ಲ. 2015ರಲ್ಲಿ ಕರ್ನಾಟಕಕ್ಕೆ ಐ.ಐ.ಟಿ. ಎಂದಾಗ ಧಾರವಾಡ, ಮೈಸೂರು, ರಾಯಚೂರು ಮೂರೂ ಪಟ್ಟಿಯಲ್ಲಿದ್ದವು. ಅದು ಧಾರವಾಡಕ್ಕೆ ಹೋಯಿತು. ನಮಗೆ 2019ರಲ್ಲಿ ಐ.ಐ.ಐ.ಟಿ. ಸಿಕ್ಕಿತು, ಒಂದು ‘ಐ’ ಹೆಚ್ಚು ಕೊಟ್ಟರಲ್ಲ ಎಂದು ಜನ ನಕ್ಕರು. ಅದೂ ಮೊದಲು ಪಾಠ ಶುರುಮಾಡಿದ್ದು ಐ.ಐ.ಟಿ. ಹೈದರಾಬಾದಿನ ಆವರಣದಲ್ಲಿ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಹಾಕಿದ ಧರಣಿಯ ಪೆಂಡಾಲು ಸಾವಿರ ದಿನ ದಾಟಿತು. ಅಮೆರಿಕದ ಮೇಯರು ಸರೋವರಕ್ಕೆ ಹಾರಿದರೆ ಟಿ.ವಿ.ಯವರು ಬರುತ್ತಾರೆ. ನಮ್ಮವರು ಸಾವಿರ ದಿನ ಕೂತರೂ ಬರುವುದು ಜಿಲ್ಲಾ ಪುಟದ ಎರಡು ಕಾಲಮ್ಮು. ಮಲೆನಾಡಿನ ಹಳ್ಳಿಯವರು 2021ರಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಎಂದು ಬೋರ್ಡು ಕಟ್ಟಿದರು. ಕೊರೊನಾ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಕೂತದ್ದನ್ನು ನೋಡಿದ ತಂದೆತಾಯಿಗೆ ಬೇರೆ ಅರ್ಜಿ ನಮೂನೆ ತಿಳಿದಿರಲಿಲ್ಲ.

ಹಾಗಾದರೆ ಸರ್ಕಾರ ಹಳ್ಳಿಗೆ ಏನೂ ಮಾಡಿಲ್ಲವೇ ಅಂದರೆ, ಮಾಡಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವುದು. ಈಗ ಅದರ ಹೆಸರು ಭಾರತ್‌ನೆಟ್. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಯೋಜನೆ ಇಲ್ಲ. ಯಾವ ಊರೂ ಯಾವ ಊರಿನೊಂದಿಗೂ ಸೆಣಸಬೇಕಿಲ್ಲ, ಪಂಚಾಯಿತಿ ಅಂದಮೇಲೆ ತಂತಿ ಬರಬೇಕು, ಸೆಕೆಂಡಿಗೆ 100 ಮೆಗಾಬಿಟ್ ವೇಗ ಸಿಗಬೇಕು. ಕರ್ನಾಟಕದ ಸುಮಾರು 6 ಸಾವಿರ ಪಂಚಾಯಿತಿಗಳೂ ಇದರಲ್ಲಿ ಸೇರಿದವು.

ತಂತಿ ಬಂದ ಪಂಚಾಯಿತಿಯಲ್ಲಿ ನೆಟ್ಟು ಯಾಕೆ ಆಗಾಗ ಸಾಯುತ್ತದೆ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. 227 ಕಿಲೋಮೀಟರ್ ಉದ್ದದ ಆ ಕಾಲುವೆಯಲ್ಲಿ ಮೇಲ್ಭಾಗದವರು ತೂಬು ಎತ್ತಿದರೆ ಕೆಳಭಾಗದಲ್ಲಿ ಗೇಜು ಇಳಿಯುತ್ತದೆ. 47ನೇ ಮೈಲಿನಲ್ಲಿ ಎಷ್ಟು, 69ನೇ ಮೈಲಿನಲ್ಲಿ ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂದು ರೈತರು ಅಡಿ, ಇಂಚಿನ ಲೆಕ್ಕದಲ್ಲಿ ಜಗಳ ಆಡುತ್ತಾರೆ. ಮಿತ ನೀರಿನ ಬೆಳೆಗೆಂದು ಯೋಜಿಸಿದ ಕಡೆಯೆಲ್ಲ ಭತ್ತ ನಾಟಿಯಾದ ಮೇಲೆ, ಸಿಂಧನೂರು ಭತ್ತದ ಕಣಜ ಅನ್ನಿಸಿಕೊಂಡಿತು. ಮಾನ್ವಿ, ಸಿರವಾರ, ರಾಯಚೂರಿನ ಕೆಳಭಾಗದವರು ರಸ್ತೆ ತಡೆ ಮಾಡುವುದನ್ನು ಕಲಿತರು.

ಭಾರತ್‌ನೆಟ್ಟಿನ ಮೊದಲ ಹಂತದ ತಂತಿಯೂ ಹೀಗೇ ಒಂದೇ ಗೆರೆಯಲ್ಲಿ ಸಾಗುತ್ತದೆ. ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜಿನಿಂದ ಹೊರಟು, ಎಷ್ಟೋ ಕಡೆ ಮೊದಲೇ ನೆಲದಲ್ಲಿದ್ದ ಬಿ.ಎಸ್.ಎನ್.ಎಲ್.ನ ಹಳೆಯ ಕೇಬಲ್ಲಿಗೆ ಹೊಸ ತುಂಡು ಜೋಡಿಸಿ, ಒಂದು ಪಂಚಾಯಿತಿಯಿಂದ ಮುಂದಿನದಕ್ಕೆ ಹೋಗುತ್ತದೆ. ನಡುವೆ ಎಲ್ಲೋ ತುಂಡಾದರೆ ಅದರ ಕೆಳಗಿನವರಿಗೆಲ್ಲ ಬತ್ತಿತು. ತಿರುಗಿ ಇನ್ನೊಂದು ದಿಕ್ಕಿನಿಂದ ಬರಲು ದಾರಿಯಿಲ್ಲ. ಬೆಂಗಳೂರಿನ ಡೇಟಾ ಸೆಂಟರಿಗೆ ಇಂಥ ಎರಡು ಮೂರು ದಾರಿ ಇರುತ್ತವೆ, ಒಂದು ಕಡಿದರೂ ಒಳಗಿದ್ದವರಿಗೆ ತಿಳಿಯುವುದೇ ಇಲ್ಲ.

ತುಂಡು ಮಾಡುವವರಿಗೆ ನಮ್ಮಲ್ಲಿ ಬರವೇ? ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ನೆಟ್ಟ ಕಂಬ ಎರಡೇ ವರ್ಷಕ್ಕೆ ವಾಲುತ್ತದೆ. ಅದು ನೆಲದ ಗುಣ, ಅದಕ್ಕೆ ಏನೂ ಅನ್ನಲಾಗದು. ಮನುಷ್ಯರ ಕೆಲಸ ಅದಕ್ಕಿಂತ ಜೋರು. ರಸ್ತೆ ಅಗಲ ಮಾಡಲು ಒಂದು ಜೆ.ಸಿ.ಬಿ., ಕಾಲುವೆ ಹೂಳೆತ್ತಲು ಒಂದು, ಜಲಜೀವನ್ ಪೈಪಿಗೆ ಒಂದು. ಮೂರೂ ಸರ್ಕಾರದ್ದೇ ಕೆಲಸ, ಮೂರೂ ಬೇರೆ ಇಲಾಖೆ, ಮೂರಕ್ಕೂ ಬೇರೆ ಗುತ್ತಿಗೆದಾರ. ನೆಲದಲ್ಲಿ ಏನಿದೆ ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಅಗೆಯುವ ಮೊದಲು ತಿಳಿಸಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಒಂದು ಆ್ಯಪನ್ನೇ ಬಿಟ್ಟಿದೆ. ಆದರೆ ಡ್ರೈವರಿನ ಕೈಯಲ್ಲಿರುವುದು ಲೀವರು, ಆ್ಯಪು ಇರುವುದು ಯಾರದೋ ಮೊಬೈಲಿನಲ್ಲಿ.

ಮುರಿದದ್ದನ್ನು ಕೂಡಿಸುವುದು ಅಂಥ ಮಹಾವಿದ್ಯೆಯೇನೂ ಅಲ್ಲ. ಕೂದಲೆಳೆಯಷ್ಟು ಸಣ್ಣ ಗಾಜು, ಒಂದು ಕೇಬಲ್ಲಿನಲ್ಲಿ ಇಪ್ಪತ್ತನಾಲ್ಕು ಎಳೆ. ಒಂದು ತುದಿಯಿಂದ ಬೆಳಕಿನ ಮಿಡಿತ ಬಿಟ್ಟರೆ, ಮುರಿದ ಕಡೆ ತಗುಲಿ ಅದು ವಾಪಸು ಬರುತ್ತದೆ. ಬರಲು ಹಿಡಿದ ಹೊತ್ತಿನ ಮೇಲೆ ಎಷ್ಟು ದೂರದಲ್ಲಿ ಮುರಿದಿದೆ ಎಂದು ಯಂತ್ರ ಹೇಳುತ್ತದೆ. ಅಲ್ಲಿಗೆ ಹೋಗಿ, ಅಗೆದು, ಎಳೆಗೆ ಎಳೆ ಹೊಂದಿಸಿ, ವಿದ್ಯುತ್ ಕಿಡಿಯಲ್ಲಿ ಬೆಸೆದರೆ ಆಯಿತು. ಐ.ಟಿ.ಐ. ಓದಿದ ಹುಡುಗನಿಗೆ ಕೆಲವೇ ವಾರದಲ್ಲಿ ಕಲಿಸಬಹುದು. ಕೇಬಲ್ ಟಿ.ವಿ. ನಡೆಸುವವರನ್ನು ನೋಡಿ. ತಂತಿ ಹರಿದರೆ ರಾತ್ರಿಯೇ ಏಣಿ ಹಾಕಿ ಕೂಡಿಸಿ ಹೋಗುತ್ತಾರೆ, ಯಾಕೆಂದರೆ ತಿಂಗಳ ಕೊನೆಗೆ ಅದೇ ಮನೆ ಬಾಗಿಲಿಗೆ ಬಂದು ದುಡ್ಡು ಕೇಳಬೇಕು. ಪಂಚಾಯಿತಿಯ ಫೈಬರಿಗೆ ಅಂಥ ಬಾಗಿಲೇ ಇಲ್ಲ. ದೂರು ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಒಂದು ನಂಬರು ಬರುತ್ತದೆ, ನಂಬರಿಗೆ ಏಣಿ ಹತ್ತಲು ಬರುವುದಿಲ್ಲ. ಕಾಲುವೆಗೆ ನಲವತ್ತು ಡಿಗ್ರಿ ಬಿಸಿಲಿನಲ್ಲೂ ದಂಡೆ ತಿರುಗುವ ಗ್ಯಾಂಗ್‌ಮನ್ ಇದ್ದಾನೆ, ಅವನಿಗೆ ಪಗಾರ ಸರಿಯಾಗಿ ಕೊಡುತ್ತಾರೋ ಇಲ್ಲವೋ ಅದು ಬೇರೆ ಮಾತು. ಫೈಬರಿನ ದಂಡೆ ತಿರುಗುವವರು ಯಾರು?

ಮೊಬೈಲ್ ಇದೆಯಲ್ಲ, ಎಲ್ಲರ ಕೈಯಲ್ಲೂ ರೀಲ್ಸ್ ಓಡುತ್ತಿದೆ, ಪಂಚಾಯಿತಿಗೆ ತಂತಿ ಯಾಕೆ ಎಂದು ನೀವು ಕೇಳಬಹುದು. ಮೊಬೈಲ್ ಗೋಪುರದ ಬೆನ್ನಿಗೂ ಫೈಬರ್ ಇದ್ದರೇನೇ ಆ ವೇಗ ನಿಲ್ಲುವುದು. ಅಲ್ಲದೆ ಊರಿಗೆ ನೆಟ್ಟು ಬೇಕಾಗಿರುವುದು ನೋಡುವುದಕ್ಕಿಂತ ಹೆಚ್ಚಾಗಿ ಕಳಿಸುವುದಕ್ಕೆ. ಪಡಿತರ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಗುರುತು ಇಲ್ಲಿಂದ ಹೋಗಿ ಒಪ್ಪಿಗೆ ಪಡೆದು ವಾಪಸು ಬರಬೇಕು. ಬಾರದಿದ್ದರೆ ಅಕ್ಕಿ ಇಲ್ಲ. ಉದ್ಯೋಗ ಖಾತ್ರಿಯ ಹಾಜರಾತಿ 2023ರ ಜನವರಿಯಿಂದ ಆ್ಯಪಿನಲ್ಲೇ ಆಯಿತು, ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಏರಿಸಬೇಕಾಯಿತು. ಫೋಟೊ ಏರದಿದ್ದರೆ ಅಗೆದ ಮಣ್ಣು ಕಣ್ಣೆದುರಿಗೇ ಇದ್ದರೂ ಕೂಲಿಗೆ ಸಂಚಕಾರ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಹೆಣ್ಣುಮಕ್ಕಳು ಬೆಳಗಿನಿಂದ ಕೂತದ್ದನ್ನು ಎಲ್ಲರೂ ನೋಡಿದ್ದೇವೆ. ‘ಸರ್ವರ್ ಡೌನ್ ಐತಿ, ನಾಳೆ ಬಾ ಯವ್ವಾ’ ಎಂಬ ಮಾತಿಗೆ ಒಂದು ದಿನದ ಕೂಲಿಯ ಬೆಲೆ ಇದೆ. ಸಿಂಧನೂರಿಗೆ ಹೋಗಿ ಬರುವ ಬಸ್ ಚಾರ್ಜು ಬೇರೆ, ಈಗ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗಾದರೂ ಅದು ಉಳಿಯುತ್ತದೆ.

ಪಹಣಿಯನ್ನೂ ನೆನೆಯಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಭೂಮಿ ಯೋಜನೆ ಬಂದಾಗ ಕರ್ನಾಟಕದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು, ದೇಶವೇ ತಿರುಗಿ ನೋಡಿತು. ಶಾನುಭೋಗರ ಕಂತೆಯಿಂದ ಹೊಲ ಬಿಡುಗಡೆಯಾಯಿತು ಎಂದೆವು. ನಿಜವೇ. ಆದರೆ ಕಂತೆ ಊರಿನಲ್ಲೇ ಇರುತ್ತಿತ್ತು, ಶಾನುಭೋಗರು ಊಟಕ್ಕೆ ಹೋಗಿದ್ದರೆ ಕಟ್ಟೆಯ ಮೇಲೆ ಕಾಯಬಹುದಿತ್ತು. ಈಗಿನ ಕಂತೆ ಬೆಂಗಳೂರಿನಲ್ಲಿದೆ, ಅದಕ್ಕೂ ನಮಗೂ ನಡುವೆ ಇರುವುದು ಆ ಒಂದೇ ಎಳೆ. ಎಲ್ಲವನ್ನೂ ತಂತಿಯ ಮೇಲೆ ಹೊರಿಸಿದ ಸರ್ಕಾರ ತಂತಿಯನ್ನು ಕಾಯುವ ಹೊಣೆಯನ್ನೂ ಅಷ್ಟೇ ಗಟ್ಟಿಯಾಗಿ ಹೊರಬೇಕಲ್ಲ!

ನೆರೆಯವರನ್ನು ನೋಡಿ ಕಲಿಯುವುದಕ್ಕೆ ನಾಚಿಕೆ ಬೇಡ. ತೆಲಂಗಾಣ ಮನೆಮನೆಗೆ ನೀರು ಕೊಡುವ ಮಿಷನ್ ಭಗೀರಥ ಪೈಪಿಗೆ ನೆಲ ಅಗೆದಾಗಲೇ ಅದೇ ಗುಂಡಿಯಲ್ಲಿ ಫೈಬರಿನ ಕೊಳವೆಯನ್ನೂ ಮಲಗಿಸಿತು. ಒಂದೇ ಸಲ ಅಗೆತ, ಎರಡು ಕೆಲಸ. ನಮ್ಮ ಗಡಿ ದಾಟಿದರೆ ಸಿಗುವ ಗದ್ವಾಲ, ನಾರಾಯಣಪೇಟೆ ಆ ರಾಜ್ಯದವೇ. ಆಂಧ್ರದವರು ಅಗೆಯುವ ಗೊಡವೆಗೇ ಹೋಗದೆ ಕರೆಂಟು ಕಂಬಗಳ ಮೇಲೆ ಎಳೆದರು, ಗೋದಾವರಿ ಸೀಮೆಯ ಮೋರಿ ಎಂಬ ಹಳ್ಳಿಯಲ್ಲಿ 2016ರ ಕೊನೆಗೆ ಶುರುಮಾಡಿ ತಿಂಗಳಿಗೆ 149 ರೂಪಾಯಿಗೆ ಮನೆಗೆ ನೆಟ್ಟು, ಟಿ.ವಿ., ಫೋನು ಮೂರನ್ನೂ ಕೊಡುತ್ತೇವೆಂದರು. ಅದನ್ನು ನಡೆಸುವ ಸಂಸ್ಥೆ ಆಮೇಲೆ ರಾಜಕೀಯಕ್ಕೆ ಸಿಕ್ಕಿ ಸೊರಗಿತು ಎಂಬುದೂ ನಿಜ. ಕೇರಳ 2023ರ ಜೂನ್‌ನಲ್ಲಿ ತನ್ನದೇ ಕೆ-ಫೋನ್ ಜಾಲವನ್ನು ತೆರೆದು, ಬಡ ಮನೆಗಳಿಗೆ ಉಚಿತ ಸಂಪರ್ಕ ಎಂದಿತು. ಅದೂ ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳನ್ನೇ ಹಿಡಿದು ನಡೆದದ್ದು. ಚಾಟನೂಗಾ ಮಾಡಿದ್ದೂ ಅದೇ. ನಮ್ಮ ಕಡೆ ಜೆಸ್ಕಾಂ ಕಂಬ ಮುಟ್ಟದ ಊರಿಲ್ಲ, ಲೈನ್‌ಮನ್ ಹೆಸರು ಗೊತ್ತಿಲ್ಲದ ಮನೆಯೂ ಇಲ್ಲ.

ಕರ್ನಾಟಕದ್ದೂ 2022ರಿಂದ ಒಂದು ಡೇಟಾ ಸೆಂಟರ್ ನೀತಿ ಇದೆ, ಬೆಂಗಳೂರಿನ ಆಚೆ ಬರುವವರಿಗೆ ಹೆಚ್ಚು ರಿಯಾಯಿತಿ ಎಂದು ಅದು ಹೇಳುತ್ತದೆ. ಮಂಗಳೂರಿನವರು ಸಮುದ್ರದ ಕೇಬಲ್ಲು ತಮ್ಮಲ್ಲೂ ದಡ ಹತ್ತಲಿ ಎಂದು ಕೇಳುತ್ತಿದ್ದಾರೆ. ಮುನ್ನೂರು ಕಿಲೋಮೀಟರ್ ಕಡಲ ದಂಡೆ ಇಟ್ಟುಕೊಂಡು ಮುಂಬಯಿ, ಚೆನ್ನೈ ಕಡೆ ನೋಡುವುದು ಅವರಿಗೆ ಸರಿ ಕಾಣದಿದ್ದರೆ ತಪ್ಪಿಲ್ಲ, ಆ ಬೇಡಿಕೆ ನ್ಯಾಯದ್ದೇ. ನಮ್ಮ ಜಿಲ್ಲೆಗೂ ಒಂದು ಡೇಟಾ ಸೆಂಟರ್ ಬರಲಿ, ಇಲ್ಲೇ ಕರೆಂಟಿದೆ, ಕೃಷ್ಣೆ ಇದೆ, ತುಂಗಭದ್ರೆ ಇದೆ ಎಂದು ನಾಳೆ ಯಾರಾದರೂ ಪೆಂಡಾಲು ಹಾಕಬಹುದು. ನಾನು ಆ ಪೆಂಡಾಲಿಗೆ ಬರುವುದಿಲ್ಲ. ಅದು ಕೊಡುವ ಕೆಲಸ ಕಡಿಮೆ, ಕೇಳುವ ನೀರು, ಕರೆಂಟು ಜಾಸ್ತಿ. 104ನೇ ಮೈಲಿಗೆ ಮುಟ್ಟದ ನೀರಿಗೆ ಇನ್ನೊಬ್ಬ ಮೇಲ್ಭಾಗದವನನ್ನು ನಾವೇ ಕರೆದು ಕೂಡಿಸಿದಂತಾಗುತ್ತದೆ.

ಪೆಂಡಾಲು ಹಾಕುವುದಾದರೆ ಬೇರೆಯದಕ್ಕೆ ಹಾಕೋಣ. 2023ರ ಆಗಸ್ಟ್ 4ರಂದು ಭಾರತ್‌ನೆಟ್ಟಿಗೆ ಹೊಸ ರೂಪ ಕೊಟ್ಟು 1.39 ಲಕ್ಷ ಕೋಟಿ ರೂಪಾಯಿ ಮಂಜೂರು ಮಾಡಿದ್ದಾರೆ. ಗೆರೆಯ ಹಾಗೆ ಹೋದ ತಂತಿಯನ್ನು ಈ ಸಲ ಬಳೆಯ ಹಾಗೆ ಸುತ್ತಿಸಿ ಎರಡೂ ದಿಕ್ಕಿನಿಂದ ಬರುವಂತೆ ಮಾಡುತ್ತಾರೆ. ಹಾಕಿದ ಗುತ್ತಿಗೆದಾರನೇ ಹತ್ತು ವರ್ಷ ನೋಡಿಕೊಳ್ಳಬೇಕೆಂಬ ಕರಾರೂ ಇದೆ. ಊರಿನ ಒಬ್ಬ ಹುಡುಗ ಇಲ್ಲವೇ ಹುಡುಗಿ ಮನೆಮನೆಗೆ ಸಂಪರ್ಕ ಕೊಟ್ಟು, ರಿಪೇರಿ ನೋಡಿಕೊಂಡು, ಬಿ.ಎಸ್.ಎನ್.ಎಲ್. ಜೊತೆ ಆದಾಯ ಹಂಚಿಕೊಳ್ಳುವ ಉದ್ಯಮಿ ಎಂಬ ಏರ್ಪಾಡೂ ಇದೆ. ನಾನು ಕೇಬಲ್ ಟಿ.ವಿ.ಯವರ ಬಗ್ಗೆ ಹೇಳಿದೆನಲ್ಲ, ಆ ಬಾಗಿಲು ತಟ್ಟುವ ಸಂಬಂಧ ಇದರಲ್ಲಿ ಬರಬಹುದು. ಕರಾರಿನಲ್ಲಿರುವುದು ಎರೆ ನೆಲಕ್ಕೆ ಇಳಿಯಬೇಕು, ಅಷ್ಟೇ.

ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಸಾಲಗುಂದದಲ್ಲಾಗಲಿ, ಮಸ್ಕಿ, ಲಿಂಗಸುಗೂರು ತಾಲ್ಲೂಕಿನ ಯಾವುದೇ ಪಂಚಾಯಿತಿಯಲ್ಲಾಗಲಿ, ಮುಂದಿನ ಸಭೆಯಲ್ಲಿ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯ ಫೈಬರು ಹೋದ ತಿಂಗಳು ಎಷ್ಟು ದಿನ ಬದುಕಿತ್ತು? ಅದು ಗೆರೆಯಲ್ಲಿದೆಯೋ ಸುತ್ತಿನಲ್ಲಿದೆಯೋ? ಹೊಸ ಪೈಪಿಗೆ, ಹೊಸ ರಸ್ತೆಗೆ ಅಗೆಯುವ ಗುತ್ತಿಗೆದಾರನಿಗೆ ಆ ತಂತಿಯ ನಕ್ಷೆ ಕೊಟ್ಟಿದ್ದೀರಾ? ಹರಿದರೆ ಬರಬೇಕಾದವರ ಹೆಸರು, ಫೋನ್ ನಂಬರು ಯಾವುದು, ಎಷ್ಟು ಗಂಟೆಯೊಳಗೆ ಬರಬೇಕು? ಪಿ.ಡಿ.ಓ. ಸಾಹೇಬರು ಬಹುಶಃ, ಇದು ನಮ್ಮ ಕೈಯಲ್ಲಿಲ್ಲ, ಬಿ.ಎಸ್.ಎನ್.ಎಲ್.ನವರದು ಅನ್ನುತ್ತಾರೆ. ಅನ್ನಲಿ. ಆ ಉತ್ತರವನ್ನು ಹಾಗೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ನಿಮ್ಮ ತಾಲ್ಲೂಕು ಪಂಚಾಯಿತಿಗೆ, ಇನ್ನೊಂದನ್ನು ಟೆಲಿಫೋನ್ ಎಕ್ಸ್‌ಚೇಂಜಿಗೆ ಕಳಿಸಲು ಠರಾವು ಮಾಡಿಸಿ.